ಸಡಾದ ಮ್ಯಾಲಿನ ಹದಿನೈದನೇ ಎಮ್ಮಿ

ಬಾವಿ ಬಿಡೂತನಕ ಎಮ್ಮಿ ಹದಿನಾಕ ಇದ್ದುವಂತ. ಇದೊಂದು ಮಾತ ಮೀನಾ ಇವತ್ತಿಗೂ ದೀಪಾ ಮುಟ್ಟಿ ಹೇಳ್ತಾಳ.

ಯಾವ ಮೀನಾ ಅಂತೀರಿ? ಅಕಾ, ಮ್ಯಾಲಿನ ಪಾವಟಿಗಿ ಬಾಜೂಕ ನೀಲಿ ತಗಡಿನ ಖೋಲಿ ಐತೆಲ್ಲ, ಆ ಮೀನಾ. ಸೆಂಟ್ರಿಂಗ್ ಕೆಲಸಕ್ಕ ಹೋಗೂ ಕಂಠೆಪ್ಪನ ಹೇಣ್ತಿ. ಈಗ ಮಲಗಿರಬೇಕು, ಅದಕ್ಕ ಸಣ್ಣ ದನಿಲೆ ಹೇಳಾಕತ್ತೇನಿ. ನಾಳಿ ನಳದ ಹತ್ತರ ಆಕಿ ಸಿಕ್ಕಾಗ ಈ ಮಾತ ತಗೀಬ್ಯಾಡ್ರಿ. ನಾನೂ ಬಾಜಾರದಾಗ ಕೇಳಿ ಬಂದು ಹೇಳಾಕತ್ತಿಲ್ಲ. ಅವರಿಬ್ಬರನ್ನ ಆ ಗುಡ್ಡದ ಬುಡಕ ಬಿಟ್ಟು ಬಂದಾವ್ರು ನಮ್ಮ ಮನಿಯವ್ರು. ಇವರು ಹೊಡಿಯೂ ಪಿಕಪ್ ಗಾಡಿನ್ಯಾಗನ ಹೋಗಿದ್ರು, ಅದರಾಗನ ತಿರುಗಿ ಬಂದ್ರು.

ಹ್ವಾದ ವರ್ಷ ದೀಪಾವಳಿ ಆಗಿ ಎಂಟ ದಿನ ಆಗಿತ್ತು. ಕಂಠೆಪ್ಪನ ಸೈಟು ಬಂದ್ ಇತ್ತು. ಅದಕ್ಕೂ ಮೊದಲು ಅಂವಾ ಘಟ್ಟದ ಬುಡದ ಮೊಲೆಂ ಊರಾಗ ಒಂದು ಮನಿ ಸ್ಲ್ಯಾಬಿನ ಕೆಲಸಕ್ಕ ಹೋಗಿದ್ನಲ್ಲ, ಅಲ್ಲಿಗೆ ಧೋಂಡು ಅಂತ ಒಬ್ಬ ಗೌಳಿ ದಿನಾ ಹಾಲು ಹಾಕಾಕ ಬರ್ತಿದ್ದ. ಇಬ್ಬರಿಗೂ ಗೆಳೆತನ ಆತು. ಎಮ್ಮಿಯಿಂದ ಆದ ಗೆಳೆತನ. ಕಂಠೆಪ್ಪಂದು ಕುಷ್ಟಗಿ ಕಡೆ ಊರು, ಹುಟ್ಟಿದಾಗಿಂದ ಎಮ್ಮಿ ಬಾಲಾ ಹಿಡಕೊಂಡು ಬೆಳದಾಂವ. ಎಮ್ಮಿ ಮಾತ ಬಂದ್ರ ಊಟಾ ಮರೀತಾನ. ಮೀನಾ ಹಂಗಲ್ಲ. ಆಕಿ ನಮ್ಮ ಇದ ಗುಡ್ಡದ ಮ್ಯಾಲ, ಮೋತಿ ಡೊಂಗರದಾಗ ಹುಟ್ಟಿದಾಕಿ. ಕೊಂಕಣಿ, ಮರಾಠಿ ನೀರು ಕುಡದಂಗ ಮಾತಾಡ್ತಾಳ, ಆದ್ರ ಎಮ್ಮಿ ಎದುರು ಬಂದ್ರ ರಸ್ತೆ ಬಿಟ್ಟು ಗಟಾರಕ್ಕ ಇಳೀತಾಳ.

ಧೋಂಡುನ ತಮ್ಮನ ಮದುವಿ ಹಳಿಯಾಳ ಕಡೆ ಇತ್ತು. ಅವರ ಇಡೀ ಕೇರಿ ಮಂದಿ ಹೋಗಬೇಕು. ಎರಡ ರಾತ್ರಿ ನಮ್ಮ ಎಮ್ಮಿ ನೋಡ್ಕೋತಿ ಏನಪಾ ಅಂತ ಕಂಠೆಪ್ಪನ್ನ ಕೇಳಿದ. ಕಂಠೆಪ್ಪ ಹೂಂ ಅಂದ. ಗಂಡ ಒಬ್ಬನ ಕಾಡಿನ್ಯಾಗ ಯಾಕ ಇರಬೇಕಂತ ಮೀನಾನೂ ರೊಟ್ಟಿ ಕಟ್ಟಿಕೊಂಡು ಹೊಂಟಳು.

ಮೊಲೆಂ ದಾಟಿ ಒಳಗ ಡಾಂಬರ ಮುಗಿಯೂ ಜಾಗಾದಾಗ ನಮ್ಮವ್ರು ಇಳಿಸಿದ್ರು. ಅಲ್ಲಿಂದ ಒಂದು ತಾಸು ಏರು. ಏರಿದ ಮ್ಯಾಲ ಸಡಾ. ಸಡಾ ಅಂದ್ರ ಗುಡ್ಡದ ನೆತ್ತಿ ಮ್ಯಾಲಿನ ಬಯಲು. ಕಾಲಾಗ ಸುಟ್ಟಂಥಾ ಕರೇ ಕಲ್ಲು, ಅದರ ಸಂದ್ಯಾಗ ಮೊಣಕಾಲಮಟಾ ಹಳದಿ ಹುಲ್ಲು. ಗಿಡಾ ಕಡಿಮಿ. ಮಂದಿ ಇನ್ನೂ ಕಡಿಮಿ. ಮೊಬೈಲಿನ್ಯಾಗ ಒಂದು ಕಡ್ಡಿನೂ ಇಲ್ಲ. ನಾಕ ಮನಿ, ನಾಕಕ್ಕೂ ಸೇರಿ ಒಂದ ದಡ್ಡಿ. ಎಮ್ಮಿ ಕಟ್ಟೂ ಆ ದಡ್ಡಿಗೆ ಸುತ್ತ ಮುಳ್ಳಿನ ಬೇಲಿ.

ಹೊಂಡೂ ಮೊದಲು ಧೋಂಡು ಅವರಿಗೆ ಎಲ್ಲಾ ತೋರಿಸಿದ. ಅವರ ಅಜ್ಜನ ಕಾಲಕ್ಕ ಅಲ್ಲಿ ಮೂವತ್ತು ಮನಿ ಇದ್ದುವಂತ, ಬಾವಿಯ ಆಕಡೆ. ಮಳಿಗಾಲಕ್ಕ ಒಂದು ಸಡಾ, ಬ್ಯಾಸಗಿಗೆ ಇನ್ನೊಂದು, ಹಿಂಗ ಹುಲ್ಲಿನ ಹಿಂದ ಮಂದಿ ತಿರುಗ್ತಿದ್ರು. ಬೆಣ್ಣಿ ಗಡಿಗಿ ತಲಿಮ್ಯಾಲ ಇಟಕೊಂಡು ಹೆಣಮಕ್ಕಳು ಎರಡ ದಿನ ನಡದು ಸಂತಿಗೆ ಇಳೀತಿದ್ರು. ಆಮ್ಯಾಲ ಕಾಡು ಮೇಯಿಸಾಕ ಬಂದ್ ಆತು. ಹುಡುಗ್ರು ಡ್ರೈವರ್ ಆದ್ರು, ಕಂಪನಿಗೆ ಹ್ವಾದ್ರು. ಒಂದ ಬ್ಯಾಸಗಿನ್ಯಾಗ ಮೂವತ್ತು ಮನಿಯೊಳಗ ಇಪ್ಪತ್ತಾರು ಖಾಲಿ. ಉಳದ ನಾಕ ಮನ್ಯಾವ್ರು ಬಾವಿ ಈಕಡೆ ಸರದ್ರು, ಈಗ ಅಲ್ಲಿ ಪಾಯಾದ ಕಲ್ಲಷ್ಟ ಅದಾವು. ಬಾವಿ ಈಕಡೇನ ಮೇಯಿಸ್ರಿ, ಹೊತ್ತು ಇರೂತಲೆ ನೀರು ಕುಡಿಸಿ ಹೊಡಕೊಂಡು ಬರ್ರಿ ಅಂತ ಹೇಳಿ ಧೋಂಡು ಗುಡ್ಡಾ ಇಳದ. ಅಷ್ಟ ಹೇಳಿದ್ದು. ಬ್ಯಾರೆ ಏನೂ ಹೇಳಲಿಲ್ಲ.

ಮೊದಲನೇ ದಿನಾನ ತಡಾ ಆತು. ಒಂದು ಗಬ್ಬದ ಎಮ್ಮಿ ಹುಲ್ಲಿನ್ಯಾಗ ಎಲ್ಲೋ ಮಲಕೊಂಡುಬಿಟ್ಟಿತ್ತು. ಅದನ್ನ ಹುಡುಕಿ ಎಬ್ಬಿಸೂದ್ರಾಗ ಹೊತ್ತು ಮುಣಗಿತು. ಬಾವಿಗೆ ಬಂದಾಗ ಮಾರಿ ಮಾರಿ ಕಾಣದಷ್ಟು ಕತ್ತಲಿ. ಆ ಬಾವಿ ಗ್ವಾಡಿ ಒಡದು ಒಂದು ಆಲದ ಗಿಡ ಬೆಳದೈತಿ, ಅದರ ಬಿಳಲು ನೀರಿಗೆ ಇಳದಾವು. ಕಂಠೆಪ್ಪ ನೀರು ಸೇದಿ ಕಲ್ಲಿನ ಬಾನಿಗೆ ಹಾಕಿದ. ಎಮ್ಮಿ ಒಂದೊಂದ ಕುಡದು ಸರದುವು. ಮೀನಾ ದೂರ ನಿಂತು ಗಂಡನ ಬ್ಯಾಟರಿ ಬೆಳಕಿನ್ಯಾಗ ಎಣಿಸಿದ್ಲು. ಹದಿನಾಕ.

ಕಂಠೆಪ್ಪ ಮುಂದ, ಎಮ್ಮಿ ನಡುವ, ಮೀನಾ ಎಲ್ಲಾರ ಹಿಂದ. ಬಾವಿ ಬಿಟ್ಟು ನೂರ ಹೆಜ್ಜಿ ಬಂದಿರಬೇಕು...

ಟೊಕ್.

ಕಟ್ಟಿಗಿ ಗಂಟಿ ಸಪ್ಪಳ. ಕಬ್ಬಿಣದ್ದಲ್ಲ, ಹಿತ್ತಾಳಿದಲ್ಲ. ಒಣಾ ಕಟ್ಟಿಗಿ ಮ್ಯಾಲ ಕಟ್ಟಿಗಿ ಬಡದಂಗ.

ಟೊಕ್... ಟೊಕ್...

ಮೀನಾ ಹೊಳ್ಳಿ ನೋಡಿದ್ಲು. ಹುಲ್ಲು. ಕತ್ತಲಿ. ಏನೂ ಇಲ್ಲ. ಮುಂದ ಸರದು ಗಂಡನ್ನ ಕೇಳಿದ್ಲು.

"ರೀ, ಗಂಟಿ ಯಾವುದರ ಕೊರಳಾಗ ಕಟ್ಯಾರು?"

"ಯಾವುದಕ್ಕೂ ಕಟ್ಟಿಲ್ಲ. ಸುಮ್ನ ಬಾ."

ಸುಮ್ನ ಬಂದ್ಲು. ಗಂಟಿನೂ ಬಂತು. ಈಕಿ ನಿಂತ್ರ ಅದೂ ನಿಲ್ಲತೈತಿ. ಈಕಿ ನಡದ್ರ... ಟೊಕ್.

ದಡ್ಡಿಯೊಳಗ ಕಂದೀಲ ಹಚ್ಚಿ ಎಮ್ಮಿ ಕಟ್ಟೂವಾಗ ಕಂಠೆಪ್ಪನ ಕೈ ನಿಂತಿತು. ಒಂದು ಹೆಚ್ಚಿತ್ತು. ಹದಿನೈದು.

ಅದು ಉಳದ ಎಮ್ಮಿಗಿಂತ ಒಂದು ಗೇಣು ಎತ್ತರ. ಕೋಡು ಹಿಂದಕ್ಕ ಬಾಗಿ ಹೆಗಲ ಮುಟ್ಟಿದ್ದುವು. ಕೊರಳಾಗ ನಾರಿನ ಹಗ್ಗ, ಹಗ್ಗಕ್ಕ ಕಟ್ಟಿಗಿ ಗಂಟಿ. ಕೆಚ್ಚಲ ಬಾತು ಕಲ್ಲಾಗಿತ್ತು, ನರಾ ಎದ್ದು ಕಾಣ್ತಿದ್ದುವು. ಎರಡ ದಿನದಿಂದ ಯಾರೂ ಹಿಂಡಿಲ್ಲ ಇದನ್ನ, ಯಾರದೋ ತಪ್ಪಿಸಿಕೊಂಡು ಬಂದೈತಿ ಪಾಪ, ಅಂದ ಕಂಠೆಪ್ಪ. ಖಾಲಿ ಇದ್ದ ಗೂಟಕ್ಕ ಕಟ್ಟಿದ. ಹಿಂಡಾಕ ಹ್ವಾದ್ರ ಸರಕೊಂತು. ಒದೀಲಿಲ್ಲ, ಸುಮ್ನ ಸರಕೊಂತು. ದಡ್ಡಿಯ ಹದಿನಾಕೂ ಬೇಲಿ ಕಡೆ ಒತ್ತಿಕೊಂಡು ನಿಂತುಬಿಟ್ಟಿದ್ದುವು. ಒಂದೂ ಮೆಲಕ ಹಾಕವಲ್ದು.

ಮೀನಾ ರೊಟ್ಟಿ ಗಂಟು ಹಂಗ ಕಟ್ಟಿಟ್ಟಳು. ಧೋಂಡುನ ನಾಯಿ ಹೊರಸಿನ ಬುಡಕ ಹ್ವಾದದ್ದು ಹೊರಗ ಬರಲಿಲ್ಲ. ಇಬ್ಬರೂ ಬಾಗಲಾ ಹಾಕ್ಕೊಂಡು ಮಲಗಿದ್ರು.

ಎಷ್ಟ ಹೊತ್ತಾಗಿತ್ತೋ... ಬೇಲಿ ಹೊರಗ ಯಾರೋ ಮಾತಾಡಿದಂಗ ಆತು. ಕೂಗಿದ್ದಲ್ಲ. ಒದರಿದ್ದಲ್ಲ. ಬಾಜೂಕ ಕುಂತಾವ್ರ ಜೋಡಿ ಮಾತಾಡಿದಂಗ. ಮುದುಕಿ ದನಿ. ಗೌಳ್ಯಾರ ಮಾತು ಅರ್ಧ ಮರಾಠಿ ಇದ್ದಂಗ ಇರತೈತಿ, ಕಂಠೆಪ್ಪಗ ತಿಳಿಲಿಲ್ಲ. ಮೀನಾಗ ತಿಳೀತು. ನಮ್ಮ ಎಮ್ಮಿ ಬಂದೈತೇನು ಅಂತ ಕೇಳಾಕತ್ತಿತ್ತು.

ಕಂಠೆಪ್ಪಗ ಖುಷಿ ಆತು. ಮಾಲಕರ ಬಂದ್ರಲ್ಲ ಅಂತ ಬ್ಯಾಟರಿ ಹಿಡಕೊಂಡು ಹೊರಗ ಹ್ವಾದ. ಮೀನಾ ಬಾಗಲದಾಗ ನಿಂತ್ಲು. ಬೇಲಿ ಮ್ಯಾಲ ಬೆಳಕ ಬಿಟ್ರ ಮುಳ್ಳು ಕಂಡುವು, ಹುಲ್ಲು ಕಂಡಿತು. ಮನಷ್ಯಾರು ಕಾಣಲಿಲ್ಲ. ದನಿ ಮಾತ್ರ ಬೆಳಕಿನ ಆಚೆ ಬಾಜೂದಿಂದ ಬಂತು. ಕೈಯಾಗ ಕಸುವಿಲ್ಲ ಮಗಾ, ಮನಿತನಕ ಹೊಡಕೊಂಡು ಬಾ ಅಂತು. ಮೀನಾ ಅದನ್ನ ಗಂಡಗ ಹೇಳಿದ್ಲು. ಹೇಳಬಾರದಾಗಿತ್ತು ಅಂತ ಆಮ್ಯಾಲ ಭಾಳ ಸಲ ಅತ್ತಾಳ.

"ಬ್ಯಾಡ್ರಿ. ಬೆಳಕ ಹರದ ಮ್ಯಾಲ ಒಯ್ಯಲಿ," ಅಂದ್ಲು.

"ಅದರ ಕೆಚ್ಚಲ ನೋಡಿಲ್ಲೇನು ನೀನು? ಮುಂಜಾನಿತನಕ ತಡಿಯಂಗಿಲ್ಲ ಅದು."

ಹಗ್ಗ ಬಿಚ್ಚಿಕೊಂಡು ಹ್ವಾದ.

ಮೀನಾ ಕಿವಿಗೊಟ್ಟು ನಿಂತ್ಲು. ಗಂಡನ ಚಪ್ಪಲಿ ಸಪ್ಪಳ... ಚಟ್, ಚಟ್. ಗಂಟಿ... ಟೊಕ್, ಟೊಕ್. ಅಷ್ಟ. ಸಡಾದ ಕಲ್ಲಿನ ಮ್ಯಾಲ ಎಮ್ಮಿ ನಡದ್ರ ಗೊರಸಿನ ಸಪ್ಪಳ ಎಷ್ಟ ದೂರ ಕೇಳ್ತೈತಿ, ಹಗಲೆಲ್ಲಾ ಕೇಳಿದ್ಲು ಆಕಿ. ಈಗ ಗೊರಸಿಲ್ಲ. ಮುದುಕಿ ಹೆಜ್ಜಿನೂ ಇಲ್ಲ. ಆವಾಗ ನೆನಪಾತಂತ... ನಾಕೂ ಮನಿ ಮಂದಿ ಮದುವಿಗೆ ಹೋಗ್ಯಾರ. ಹಂಗಾರ ಈ ಮುದುಕಿ ಯಾವ ಮನ್ಯಾಕಿ?

ಸಪ್ಪಳ ಬಾವಿ ಕಡೆ ಸರೀತು. ಸಣ್ಣ ಆತು. ನಿಂತಿತು.

ಈಗ ಬಂದಾನು, ಆಗ ಬಂದಾನು ಅಂತ ಕಾದ್ಲು. ಬರಲಿಲ್ಲ. ಹೆಸರ ಹಿಡದು ಕರ್ಯಾಕ ಆಕಿಗೆ ಬಾಯಿ ಬರವಲ್ದು, ಲಗ್ನಾ ಆಗಿ ಒಂಬತ್ತ ವರ್ಷದಾಗ ಗಂಡನ ಹೆಸರ ನಾಲಿಗಿ ಮ್ಯಾಲ ತಂದಾಕಿ ಅಲ್ಲ. ಕಂದೀಲ ತಗೊಂಡ್ಲು. ನಾಯಿನ್ನ ಕರದ್ಲು, ಅದು ಹೊರಸಿನ ಬುಡಕಿಂದ ಅಳ್ಳಾಡಲಿಲ್ಲ. ಒಬ್ಬಾಕಿನ ಹೊಂಟಳು.

ಬಾವಿ ಹತ್ತರ ಗಾಳಿ ಇರಲಿಲ್ಲ. ಆಲದ ಬಿಳಲು ಮಾತ್ರ ಅಳ್ಳಾಡಾಕತ್ತಿದ್ದುವು, ಈಗರೆ ಯಾರೋ ನಡುವ ಹಾದು ಹೋಗಿದ್ದಂಗ. ಬಾವಿ ಆಕಡೆ ಕಂದೀಲ ಇಳಿಸಿ ನೋಡಿದ್ಲು. ಕಂಠೆಪ್ಪನ ಚಪ್ಪಲಿ. ಎರಡೂ ಜೋಡಿಸಿ ಇಟ್ಟಿದ್ದುವು, ಯಾರದರ ಮನಿಯೊಳಗ ಹೋಗೂ ಮುಂದ ಹೊಸ್ತಿಲ ಹೊರಗ ಬಿಟ್ಟಂಗ. ಅಲ್ಲಿ ಹೊಸ್ತಿಲ ಇಲ್ಲ, ಮನಿ ಇಲ್ಲ. ಹುಲ್ಲಿನ್ಯಾಗ ಪಾಯಾದ ಕಲ್ಲು.

ಮತ್ತ ಆ ಸಪ್ಪಳ.

ಚೊರ್... ಚೊರ್... ಚೊರ್...

ಖಾಲಿ ಪಾತ್ರಿ ತಳಕ್ಕ ಹಾಲಿನ ಧಾರಿ ಬಡಿಯೂ ಸಪ್ಪಳ.

ಕಂದೀಲ ಎತ್ತಿ ಹಿಡದ್ಲು. ನಾಕ ಮಾರು ದೂರದಾಗ ಕಂಠೆಪ್ಪ ಕುಕ್ಕರಗಾಲಿಲೆ ಕುಂತಿದ್ದ. ಮೊಣಕಾಲು ಅಗಲಿಸಿ, ತಲಿ ಒಂದು ಬಾಜೂಕ ವಾಲಿಸಿ, ಎಮ್ಮಿ ಹೊಟ್ಟಿಗೆ ಹಣಿ ಆನಿಸಿದಂಗ. ಕೈ ಎರಡೂ ಮ್ಯಾಲ ಕೆಳಗ ಆಡಾಕತ್ತಿದ್ದುವು. ಮುಂದ ಎಮ್ಮಿ ಇಲ್ಲ. ಮೊಣಕಾಲ ಸಂದ್ಯಾಗ ಪಾತ್ರಿನೂ ಇಲ್ಲ. ಸಪ್ಪಳ ಐತಿ. ಚೊರ್... ಚೊರ್... ಸುತ್ತಾ ಮೆಲಕ ಹಾಕೂ ಸಪ್ಪಳ, ಗರಕ್, ಗರಕ್, ಹತ್ತ ಕಡಿಂದ, ಇಪ್ಪತ್ತ ಕಡಿಂದ. ಬೆಚ್ಚನ ಉಸರು ಆಕಿ ಕಾಲಿಗೆ ತಾಕ್ತಿತ್ತಂತ. ಹಸೀ ಶಗಣಿ ವಾಸನಿ.

ಓಡಿ ಬರಬೇಕು ಅನಿಸ್ತು. ಓಡಿ ಬಂದ್ರ ಗಂಡ ಅಲ್ಲೇ ಉಳೀತಿದ್ದ. ಅದು ಆಕಿಗೆ ಖಾತ್ರಿ ಇತ್ತು.

ಹೆಗಲಿಗೆ ಕೈ ಹಾಕಿ ಜಗ್ಗಿದ್ಲು. ಕಲ್ಲ ಜಗ್ಗಿದಂಗ. ಕೈ ನೋಡಿದ್ಲು, ಬೆರಳಿನ ತೊಗಲ ಸುಲದು ರಕ್ತ ಬರಾಕತ್ತಿತ್ತು. ಆವಾಗ ಬಾಯಿ ಬಿಟ್ಟು ಹೆಸರು ಕರದ್ಲು.

"ಕಂಠೆಪ್ಪಾ."

ಅಂವಾ ಹೊಳ್ಳಿ ನೋಡಲಿಲ್ಲ. ಮಾತಾಡಿದ. ಇನ್ನೂ ಭಾಳ ಉಳದಾವು ಅಂದ. ದನಿ ಅವಂದ. ಮಾತು ಗೌಳ್ಯಾರದು. ಒಂದಕ್ಷರಾನೂ ಬರದಿದ್ದ ಮಾತಿನ್ಯಾಗ ಚಂದಾಗಿ ಮಾತಾಡಿದ.

ಮೀನಾ ಅವನ ತೋಳು ಹಿಡಕೊಂಡ್ಲು. ಅಲ್ಲೇ ಬಾಜೂಕ, ಕಿವಿಗೆ ಹತ್ತಿ, ಆ ಮುದುಕಿ ದನಿ.

"ಹಿಂಡಾವ್ರು ಯಾರೂ ಇಲ್ಲ... ಎಲ್ಲಾರೂ ಹ್ವಾದ್ರು. ಕೆಚ್ಚಲ ಒಡಿಯಾಕತ್ತಾವು."

ಸಿಟ್ಟಿನ ದನಿ ಅಲ್ಲಂತ ಅದು. ಅದಕ್ಕನ ಹೆಚ್ಚು ಅಂಜಿಕಿ ಆತು ಅಕ್ಕಾ ಅಂತಾಳ ನನ್ನ ಮುಂದ. ಸಿಟ್ಟಾಗಿದ್ರ ಕಾಲ ಹಿಡಕೋಬಹುದಿತ್ತು. ಅದು ದಣದ ದನಿ, ಆಸ್ಪತ್ರಿಯೊಳಗ ರಾತ್ರೆಲ್ಲಾ ಮಕ್ಕಳ ಬಾಜೂಕ ಕುಂತ ಹೆಣಮಗಳ ದನಿ ಇರತೈತಿ ನೋಡ್ರಿ, ಹಂಗ.

ಮೀನಾ ಅವರ ಮಾತಿನ್ಯಾಗನ ಉತ್ತರಾ ಕೊಟ್ಲು.

"ಇವರನ್ನ ಬಿಡು ಆಯಿ. ಅಲ್ಲಿ ಹದಿನಾಕ ಕಟ್ಟಿ ಬಂದೇವಿ. ಮುಂಜಾನೆ ಅವಕ್ಕ ಯಾರು?"

ಚೊರ್... ಚೊರ್... ಆಮ್ಯಾಲ,

"ಮತ್ತ ಇವಕ್ಕ?"

ಮೀನಾ ಕಂದೀಲ ಹತ್ತರ ತಂದ್ಲು. ಗಂಡನ ಕೈ ನೋಡಿದ್ಲು. ಅಂವಾ ಬೆಳಗ ಹರಿಯೂದ್ರಾಗ ಸಾಯ್ತಾನ ಅನಿಸ್ತು. ಕಂದೀಲ ಕೆಳಗಿಟ್ಟಳು. ಸೆರಗು ಟೊಂಕಕ್ಕ ಸಿಗಿಸಿದ್ಲು.

"ನಾ ಕುಂದರ್ತೇನಿ. ಇವರು ಏಳಲಿ."

ಗಂಡನ ಬಾಜೂಕ ಕುಕ್ಕರಗಾಲಿಲೆ ಕುಂತ್ಲು. ಹುಟ್ಟಿ ಎಮ್ಮಿ ಮುಟ್ಟಿದಾಕಿ ಅಲ್ಲ. ಕಣ್ಣು ಮುಚ್ಚಿಕೊಂಡು ಅಂವನ ಕೈ ಎಲ್ಲಿದ್ದುವೋ ಅಲ್ಲಿ ತನ್ನ ಕೈ ಹಾಕಿದ್ಲು. ಸಿಕ್ಕಿತು. ಬೆಚ್ಚನ ಮೊಲಿ. ಒರಟ ಕೂದಲು. ಹಣಿಗೆ ಎಮ್ಮಿ ಹೊಟ್ಟಿ ತಾಕಿತು, ಒಳಗ ಗುಡಗುಡ ಅನ್ನಾಕತ್ತಿತ್ತು. ಜಗ್ಗಿದ್ಲು, ಹಾಲು ಬರಲಿಲ್ಲ. ಮತ್ತ ಜಗ್ಗಿದ್ಲು. ಆವಾಗ ಆಕಿ ಕೈ ಮ್ಯಾಲ ಇನ್ನೊಂದು ಕೈ ಬಂತು. ತಣ್ಣಗ, ಎಲುಬು ಎಲುಬು. ಆಕಿ ಹೆಬ್ಬೆರಳ ಹಿಡದು ಒಳಗ ಮಡಿಚಿತು. ಹಿಂಗ, ಅಂತು.

ಧಾರಿ ಬಿತ್ತು.

ಕಂಠೆಪ್ಪ ಅಲ್ಲೇ ಬಾಜೂಕ ವಾಲಿ ಬಿದ್ದು ಗೊರಕಿ ಹೊಡ್ಯಾಕ ಹತ್ತಿದ.

ಒಂದು ಎಮ್ಮಿ ಮುಗಿದ್ರ ಇನ್ನೊಂದು ತಾನ ಬಂದು ನಿಲ್ಲಾಕತ್ತಿತು. ಮೊದಲ ಚೊರ್ ಚೊರ್ ಅನ್ನೂ ಸಪ್ಪಳ, ಪಾತ್ರಿ ತುಂಬಿದಂಗ ನೊರಿಯೊಳಗ ಸೊರ್... ಸೊರ್... ಅಂತ ಮೆತ್ತಗ ಆಗೂದು. ಮತ್ತ ಯಾರೋ ಪಾತ್ರಿ ಸರಿಸಿ ಖಾಲಿದು ಇಡೂದು. ಮತ್ತ ಚೊರ್. ಎಷ್ಟು ಹಿಂಡಿದ್ಲೋ ಆಕಿಗೆ ಗೊತ್ತಿಲ್ಲ. ರಟ್ಟಿ ಮರಗಟ್ಟಿದುವು. ಕಣ್ಣು ಮಾತ್ರ ತಗೀಲಿಲ್ಲ. ಕಂದೀಲ ಯಾವಾಗ ಆರಿತೋ ಅದೂ ಗೊತ್ತಿಲ್ಲ.

ಮೂಡಲ ದಿಕ್ಕಿಗೆ ಹಕ್ಕಿ ಒಂದು ಒದರಿತು. ಆವಾಗ ಮುದುಕಿ ಅಂದ್ಲು,

"ಪುರೆ."

ಸಾಕು ಅಂತ. ಗಂಟಿ ಎಲ್ಲಾ ಕೂಡೇ ಎದ್ದುವು. ಟೊಕ್ ಟೊಕ್ ಟೊಕ್... ಸಡಾದ ಮ್ಯಾಲ ಆಕಡೆ ತುದಿಗೆ ಹೋಗಿ ಕರಗಿದುವು. ಮೀನಾ ಕಣ್ಣು ತಗದ್ರ ಮಂಜು. ಪಾಯಾದ ಕಲ್ಲು. ಮೊಣಕೈತನಕ ಆಕಿ ಕೈ ತೊಯ್ದಿದ್ದುವು. ಇಬ್ಬನಿ ಇರಬೇಕು ಅಂದೆ ನಾನು. ಆಕಿ ನನ್ನ ಮಾರಿ ನೋಡಿದ್ಲು.

ಗಂಡನ್ನ ಎಬ್ಬಿಸಿ ಸಣ್ಣ ಹುಡುಗನ್ನ ನಡಿಸಿದಂಗ ಕೈ ಹಿಡದು ಕರಕೊಂಡು ಬಂದ್ಲು. ಅಂವಗ ಜ್ವರಾ. ಹಗ್ಗ ಬಿಚ್ಚಿದ್ದ ನೆನಪೈತಿ, ಮುಂದ ಏನೂ ನೆನಪಿಲ್ಲ. ಇವತ್ತಿಗೂ ಇಲ್ಲ. ದಡ್ಡಿಯೊಳಗ ಹದಿನಾಕೂ ಎದ್ದು ನಿಂತಿದ್ದುವು, ಕರಾ ಒದರಾಕತ್ತಿದ್ದುವು. ಕಂಠೆಪ್ಪನ ಕೈ ಬಾತು ಮುಷ್ಟಿ ಕಟ್ಟಾಕೂ ಬರವಲ್ದು. ಹಾಲಿನ ಎಮ್ಮಿ ಅಷ್ಟೂ ಮೀನಾನ ಹಿಂಡಿದ್ಲು. ಹಿಂದಿನ ದಿನ ಎಮ್ಮಿಗೆ ಅಂಜಿ ದೂರ ನಿಂತಾಕಿ.

ಬಿಟ್ಟು ಬರಬಹುದಿತ್ತಲ್ಲ ಅಂತೀರಿ. ನಾನೂ ಕೇಳಿದೆ. ಮಂದಿ ನಂಬಿ ಬಿಟ್ಟು ಹೋದ ಜೀವ ಅಕ್ಕಾ, ಹೆಂಗ ಬಿಡೂದು ಅಂದ್ಲು. ಇನ್ನೊಂದು ರಾತ್ರಿ ಇದ್ರು. ಬಾಗಲಕ್ಕ ಒರಳಕಲ್ಲು ಒತ್ತಿಟ್ಟು, ಇಬ್ಬರೂ ಕುಂತ ಬೆಳಕ ಹರಿಸಿದ್ರು. ಆ ರಾತ್ರಿ ಏನೂ ಬರಲಿಲ್ಲ. ಒಂದು ಹುಲ್ಲಕಡ್ಡಿ ಸಪ್ಪಳಾನೂ ಇಲ್ಲ.

ಮೂರನೇ ದಿನ ಧೋಂಡು ಬಂದ. ನಮ್ಮವ್ರೂ ಗಾಡಿ ಕೆಳಗ ನಿಲ್ಲಿಸಿ ಮ್ಯಾಲ ಏರಿ ಹೋಗಿದ್ರು, ಹಂಗಾಗಿ ಈ ಮಾತ ಅವರ ಕಿವೀಲೆ ಕೇಳಿದ್ದು. ಮೀನಾ ಮುಂಜಾನಿ ಹಾಲು ಹಿಂಡಾಕತ್ತಿದ್ಲು. ಧೋಂಡು ಚೀಲಾ ಇಳಿಸದ ನಿಂತು ಆಕಿ ಕೈನ ನೋಡಾಕತ್ತಿದ. ಹೆಬ್ಬೆರಳ ಒಳಗ ಮಡಿಚಿ ಹಿಂಡೂದು ಯಾರು ಕಲಿಸಿದ್ರು ಅಂತ ಕೇಳಿದ. ಮೀನಾ ಬಾವಿ ಕಡೆ ನೋಡಿದ್ಲು. ಅಷ್ಟಕ್ಕ ಅಂವಗ ತಿಳೀತು. ಚೀಲಾ ಕೆಳಗಿಟ್ಟು ಕುಂತ.

"ನಮ್ಮಾಗ ಈಗ ಹಂಗ ಯಾರೂ ಹಿಂಡಂಗಿಲ್ಲ," ಅಂದ. "ನಮ್ಮ ಅಜ್ಜಿ ಹಿಂಡ್ತಿದ್ಲು. ಎಲ್ಲಾರೂ ಹೋಗೂ ಮುಂದ ಆಕಿ ಬರಲಿಲ್ಲ, ಮಂದಿ ಬಿಟ್ಟ ಎಮ್ಮಿ ಜೋಡಿ ಬಾವಿ ಆಕಡೇನ ಉಳದ್ಲು."

ಅಂವಾ ಕಂಠೆಪ್ಪನ ಕೈಗೆ ಬೆಣ್ಣಿ ಹಚ್ಚಿ ಅರಿವಿ ಕಟ್ಟಿದ. ಗಾಡಿತನಕ ಬಂದು ಕಳಿಸಿದ.

ಇಷ್ಟಕ್ಕ ಮುಗದಿದ್ರ ನಾನೂ ಇದನ್ನ ಅಂಜಿದ ಹುಡುಗಿ ಮಾತು ಅಂತ ಬಿಡ್ತಿದ್ದೆ. ಮುಂದಿಂದು ನಾನ ನೋಡಿದ್ದು, ಹೇಳ್ತೇನಿ ಕೇಳ್ರಿ.

ಮೂರೂ ಮಂದಿ ಗಾಡಿ ಮುಂದ ಕುಂತಿದ್ರು. ಹಿಂದಿನ ಡಬ್ಬಿ ಖಾಲಿ. ಒಂದು ಚೀಲಾನೂ ಇರಲಿಲ್ಲ. ಮೊಲೆಂದಿಂದ ಬರೂ ದಾರಿಯೊಳಗ ಗಾಡಿ ಎಳೀವಲ್ದು ಅಂತ ನಮ್ಮವ್ರು ಎರಡ ಸಲ ಇಳದು ಗಾಲಿ ನೋಡಿದ್ರಂತ. ಗಾಲಿ ಬಿಸಿ ಆಗಿದ್ದಿಲ್ಲ, ಬ್ರೇಕು ಹಿಡದಿದ್ದಿಲ್ಲ. ನಮ್ಮ ಮೋತಿ ಡೊಂಗರದ ಏರು ನಿಮಗ ಗೊತ್ತೈತಿ. ಖಾಲಿ ಗಾಡಿ ಎರಡನೇ ಗೇರಿನ್ಯಾಗ ಹಾಡ್ಯಾಡಿಕೊಂಡು ಏರತೈತಿ. ಅವತ್ತು ಏರಲಿಲ್ಲ. ಒಂದನೇ ಗೇರು ಹಾಕಿ, ಹೊಗಿ ಬಿಟ್ಟು, ಒದರಿಕೋಂತ ಏರಿತು. ನಾನು ಇದ ಪಾವಟಿಗಿ ಮ್ಯಾಲ ನಿಂತಿದ್ದೆ. ಹಿಂದಿನ ಎರಡೂ ಟೈರು ಒತ್ತಿ ಚಪ್ಪಟಿ ಆಗಿದ್ದುವು, ಸ್ಪ್ರಿಂಗ್ ಪಟ್ಟಿ ಕೆಳಗ ಕೂತುಬಿಟ್ಟಿದ್ದುವು. ಗಾಡಿ ನಿಂತ ಮ್ಯಾಲ ಹಿಂದಿನ ಬಾಗಲಾ ತಗದಾಕಿ ನಾನ.

ಒಳಗ ಏನೂ ಇರಲಿಲ್ಲ. ಬಾಗಲಾ ತಗದು ಹಿಂದಕ್ಕ ಸರದು ನಿಂತೆ... ಎಮ್ಮಿ ಒಂದು ಇಳದು ಹ್ವಾದಂಗ ಗಾಡಿ ಒಂದ ಸಲ ಅಳ್ಳಾಡಿ, ಹಿಂದಿನ ಬಾಜೂ ಒಂದು ಗೇಣು ಮ್ಯಾಲಕ್ಕ ಎದ್ದಿತು. ಖರೇ ಹೇಳ್ತೇನಿ. ನಾನ ನೋಡೇನಿ.